ಕಡಿದ ಹೊಂಗೆಯ ಚಿಗುರು



2023ರಲ್ಲಿ ನಮ್ಮ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಇಂಥ ವರ್ಷಗಳಲ್ಲಿ ಬೆಳೆಯೂ ಇಲ್ಲ, ಕೂಲಿಯೂ ಇಲ್ಲ. ಸಾಲದ ಕಂತು ಕಟ್ಟಲಾಗದ ಅಕ್ಕತಂಗಿಯರು ಸಂಘದ ಸಭೆಗೆ ಬರುವುದನ್ನೇ ಬಿಡುವುದನ್ನು ನಾವು ನೋಡುತ್ತೇವೆ. "ಯಾವ ಮುಖ ಇಟ್ಕೊಂಡು ಬರ್ಲಿ ಸಿಸ್ಟರ್?" ಅಂತಾರೆ.

ಹೊಲದ ಬದುವಿನ ಹೊಂಗೆಯನ್ನು ನೋಡಿ. ಗೊಬ್ಬರದ ಸೊಪ್ಪಿಗೆಂದು ಕೊಂಬೆಗಳನ್ನೆಲ್ಲ ಕಡಿದರೂ ಮತ್ತೆ ಚಿಗುರುತ್ತದೆ. ಯುಗಾದಿಯ ಸುಡುಬಿಸಿಲಿನಲ್ಲಿ, ಮಳೆಗಾಲ ಇನ್ನೂ ದೂರವಿರುವಾಗಲೇ, ಮೈತುಂಬ ಎಳೆಯ ಎಲೆ! ಬೇರು ಆಳದಲ್ಲಿ ತೇವ ಹುಡುಕಿಕೊಂಡಿರುತ್ತದೆ. ಅದು ನಮ್ಮ ಕಣ್ಣಿಗೆ ಕಾಣೋದಿಲ್ಲ, ಅಷ್ಟೆ.

ಬೈಬಲಿನ ಯೋಬ ಮಕ್ಕಳನ್ನೂ ದನಕರುಗಳನ್ನೂ ಕಳೆದುಕೊಂಡವನು. ಕಡಿದ ಮರವೂ ನೀರಿನ ವಾಸನೆಗೆ ಚಿಗುರುತ್ತದೆ ಎಂದು ಅವನೂ ಹೇಳಿದ (14ನೇ ಅಧ್ಯಾಯ). ಸಮಾಧಾನದಿಂದ ಹೇಳಿದ್ದಲ್ಲ, ಮರಕ್ಕಿರುವ ನಿರೀಕ್ಷೆ ಮನುಷ್ಯನಿಗಿಲ್ಲವಲ್ಲ ಎಂದು ದೇವರ ಹತ್ತಿರ ಜಗಳಕ್ಕೇ ನಿಂತ. ದೇವರು ಅವನ ಕೈ ಬಿಡಲಿಲ್ಲ. ಸಂತೈಸಲು ಬಂದು, "ನಿನ್ನದೇ ತಪ್ಪು" ಎಂದ ಗೆಳೆಯರ ಮೇಲೆಯೇ ಕೋಪಿಸಿಕೊಂಡರು. ಸಂಘದಲ್ಲಿ ನಾವೂ ಎಷ್ಟೋ ಸಲ ಆ ಗೆಳೆಯರೇ.

ಸಭೆಯಲ್ಲಿ ಚರ್ಚಿಸಿ: ದೂರ ಉಳಿದವರ ಮನೆಗೆ ಈ ವಾರ ಯಾರು ಹೋಗುತ್ತೀರಿ? ಹೋದ ದಿನ ಕಂತಿನ ಮಾತು ಎತ್ತಬೇಡಿ.