ಬಿರುಗಾಳಿ, ಹಡಗು ಮತ್ತು ಸರೀಸೃಪಗಳ ದ್ವೀಪಾಂತರ

ದ್ವೀಪದ ಜೀವಿಗಳಿಗೆ ಸಮುದ್ರವು ಕೋಟೆಯ ಸುತ್ತಲಿನ ಕಂದಕವಿದ್ದಂತೆ. ಆ ಆಶ್ರಯದಲ್ಲಿ ದೀರ್ಘಕಾಲ ಬೆಳೆದ ಜೀವಿಗಳು ಹೊಸ ಶತ್ರುವನ್ನೂ ಹೊಸ ಸ್ಪರ್ಧಿಯನ್ನೂ ಎದುರಿಸುವ ಬಗೆಯನ್ನು ಅರಿಯವು. ಹೊರಗಿನಿಂದ ಬಂದು, ನೆಲೆಯೂರಿ, ಸ್ಥಳೀಯ ಜೀವಿಗಳಿಗೆ ಕೇಡನ್ನುಂಟುಮಾಡುವ ಜೀವಿಯನ್ನು ‘ಆಕ್ರಮಣಕಾರಿ ಪ್ರಭೇದ’ ಎನ್ನುತ್ತಾರೆ. ಕೇವಲ ಬಂದ ಮಾತ್ರಕ್ಕೆ ಈ ಹೆಸರು ಸಲ್ಲದು. ಮೂರು ಲಕ್ಷಣಗಳೂ ಕೂಡಬೇಕು.

ಸರೀಸೃಪಗಳಿಗೆ ಈ ಕಂದಕವನ್ನು ದಾಟುವ ಸಾಮರ್ಥ್ಯ ಹೆಚ್ಚು. ಅವುಗಳ ಹುರುಪೆಯುಳ್ಳ ಚರ್ಮವು ದೇಹದ ನೀರನ್ನು ಕಾಯುತ್ತದೆ. ಆಹಾರವಿಲ್ಲದೆ ಹಲವು ದಿನ ಅವು ಬದುಕಬಲ್ಲವು.

ಇದಕ್ಕೆ ಪ್ರಸಿದ್ಧ ನಿದರ್ಶನ ಕೆರಿಬಿಯನ್ ಸಮುದ್ರದ ಅಂಗ್ವಿಲ್ಲಾ ದ್ವೀಪದ್ದು. 1995ರ ಸೆಪ್ಟೆಂಬರಿನಲ್ಲಿ ಲೂಯಿಸ್ ಮತ್ತು ಮ್ಯಾರಿಲಿನ್ ಎಂಬ ಎರಡು ಚಂಡಮಾರುತಗಳು ಆ ಪ್ರದೇಶವನ್ನು ಅಪ್ಪಳಿಸಿದವು. ಮುಂದಿನ ತಿಂಗಳು, ಬುಡಮೇಲಾದ ಮರಗಳ ರಾಶಿಯೊಂದು ದಡ ಸೇರಿತು. ಅದರೊಡನೆ ಕನಿಷ್ಠ 15 ಹಸಿರು ಇಗ್ವಾನಾಗಳು ಬಂದಿಳಿದವು. ಇಗ್ವಾನಾ ಎಂಬುದು ನೋಟಕ್ಕೆ ಉಡವನ್ನು, ಅಂದರೆ ಮರಾಠಿಯ ಘೋರಪಡವನ್ನು ನೆನಪಿಸುವ, ಆದರೆ ಬೇರೆ ಕುಟುಂಬಕ್ಕೆ ಸೇರಿದ, ಸೊಪ್ಪು ತಿನ್ನುವ ದೊಡ್ಡ ಹಲ್ಲಿ. ಅಂಗ್ವಿಲ್ಲಾದಲ್ಲಿ ಹಸಿರು ಜಾತಿ ಅದುವರೆಗೆ ಇರಲಿಲ್ಲ. 200 ಕಿ.ಮೀ.ಗೂ ಮಿಗಿಲಾದ ದೂರದ ಗ್ವಾಡಲೂಪ್‌ನಿಂದ ಅವು ತೇಲಿಬಂದಿರಬೇಕೆಂದು ಸಂಶೋಧಕರು 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು.

ಇದನ್ನು ನಿಸರ್ಗದ ಲೀಲೆಯೆಂದಷ್ಟೇ ತಿಳಿಯುವಂತಿಲ್ಲ. ಗ್ವಾಡಲೂಪ್‌ಗೆ ಹಸಿರು ಇಗ್ವಾನಾವನ್ನು ತಂದವರು ಮನುಷ್ಯರೇ ಎಂಬುದು ತಜ್ಞರ ಅಭಿಪ್ರಾಯ. ಮನುಷ್ಯನು ಒಂದು ದ್ವೀಪದಲ್ಲಿ ಬಿಟ್ಟುದನ್ನು ಗಾಳಿಯು ಇನ್ನೊಂದಕ್ಕೆ ಒಯ್ದಿತು. ಮಾನವ ವ್ಯವಹಾರ ಮತ್ತು ಬಿರುಗಾಳಿ ಎರಡು ಪ್ರತ್ಯೇಕ ಕಾರಣಗಳಲ್ಲ. ಒಂದರ ಹೆಗಲ ಮೇಲೆ ಇನ್ನೊಂದು ನಿಂತಿದೆ.

ಆ ದ್ವೀಪಗಳ ಮೂಲನಿವಾಸಿ ಲೆಸ್ಸರ್ ಆಂಟಿಲಿಯನ್ ಇಗ್ವಾನಾ ಇಂದು ಅಳಿವಿನ ಅಂಚಿನಲ್ಲಿದೆ. ಹಸಿರು ಇಗ್ವಾನಾ ಅದನ್ನು ಕೊಲ್ಲುವುದಿಲ್ಲ, ಅದರೊಡನೆ ಕೂಡುತ್ತದೆ. ಹುಟ್ಟುವ ಮಿಶ್ರ ಸಂತಾನವೂ ಫಲವಂತವಾದುದರಿಂದ ಮೂಲತಳಿಯು ತಲೆಮಾರಿನಿಂದ ತಲೆಮಾರಿಗೆ ಕರಗುತ್ತದೆ. ಕಾಡಿನಲ್ಲಿ ಇಗ್ವಾನಾಗಳು ಕಾಣುತ್ತಲೇ ಇರುವುದರಿಂದ ಈ ನಷ್ಟವು ಸುಲಭವಾಗಿ ಗೋಚರವಾಗದು. ಎರಡನ್ನೂ ಗುರುತಿಸಲು ಕೆನ್ನೆ, ಬಾಲಗಳನ್ನು ನೋಡಬೇಕು: ಹಸಿರು ಜಾತಿಗೆ ಕಿವಿಯ ಕೆಳಗೆ ದೊಡ್ಡ ದುಂಡನೆಯ ಹುರುಪೆಯೂ ಬಾಲದಲ್ಲಿ ಪಟ್ಟೆಗಳೂ ಇರುತ್ತವೆ.

2017ರಲ್ಲಿ ಮರಿಯಾ ಚಂಡಮಾರುತವು ಈ ಮೂಲತಳಿಯ ಪ್ರಮುಖ ನೆಲೆಯಾದ ಡೊಮಿನಿಕಾವನ್ನು ಧ್ವಂಸಗೊಳಿಸಿತು. ಅನಂತರ ಅಲ್ಲಿಯೂ ಹಸಿರು ಇಗ್ವಾನಾ ಕಂಡುಬಂದಿತು. ಈ ಸಲದ ವಾಹನ ತೇಲುವ ಮರವಲ್ಲ, ಪರಿಹಾರ ಸಾಮಗ್ರಿ ಹೊತ್ತ ಹಡಗುಗಳು ಎಂದು ಊಹಿಸಲಾಗಿದೆ. ಸಂತ್ರಸ್ತರಿಗೆ ಅನ್ನ, ಸೂರು ತುರ್ತಾಗಿ ಬೇಕಾದಾಗ ಸರಕಿನ ತಪಾಸಣೆ ಹಿಂದೆ ಬೀಳುವುದು ಸಹಜ.

ಹಾಗೆ ಹಿಂದೆ ಬಿದ್ದುದರ ಬೆಲೆಯನ್ನು ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪ ತೆತ್ತಿದೆ. ಎರಡನೆಯ ಮಹಾಯುದ್ಧದ ತರುವಾಯ ಸೇನಾ ಸರಕಿನೊಡನೆ ಬಂದ ಕಂದು ಮರಹಾವಿನಿಂದಾಗಿ ಅಲ್ಲಿನ 12 ಸ್ಥಳೀಯ ಕಾಡುಹಕ್ಕಿ ಪ್ರಭೇದಗಳಲ್ಲಿ 10 ಕಣ್ಮರೆಯಾದವು. ಇಂದು ಗ್ವಾಮ್‌ನಿಂದ ಹೊರಡುವ ಸರಕನ್ನು ತರಬೇತಾದ ನಾಯಿಗಳು ಮೂಸಿ ಪರೀಕ್ಷಿಸುತ್ತವೆ.

ಬಿರುಗಾಳಿಯನ್ನು ತಡೆಯಲಾಗದು, ಬಂದರನ್ನು ಕಾಯಬಹುದು. ಆದುದರಿಂದ ಪರಿಹಾರ ಕಾರ್ಯದ ಸಿದ್ಧತೆಯಲ್ಲಿಯೇ ಸರಕಿನ ತಪಾಸಣೆಯೂ ಸೇರಿರಬೇಕು. ಚಂಡಮಾರುತದ ಮರುದಿನಗಳಲ್ಲಿ ದಡಕ್ಕೆ ಬಂದ ಮರದ ರಾಶಿಯನ್ನು ಪರೀಕ್ಷಿಸಿದರೆ ಹದಿನೈದು ಪ್ರಾಣಿಗಳನ್ನು ಹಿಡಿಯುವುದು ಸಾಧ್ಯ. ಅವು ಸಂತಾನ ಬೆಳೆಸಿದ ಮೇಲೆ ಆ ಅವಕಾಶ ಉಳಿಯದು.