ಹಿತ್ತಲಿನ ಒಂಟಿ ಜೇನ್ನೊಣಗಳ ರಕ್ಷಣೆ

ಕಾರ್ಕಳ ತಾಲ್ಲೂಕಿನ ಬಜಗೋಳಿಯಲ್ಲಿಯೂ ಸುತ್ತಣ ಗ್ರಾಮಗಳಲ್ಲಿಯೂ ತುಡುವೆ ಜೇನನ್ನೂ ಮುಜಂಟಿಯನ್ನೂ ಅರಿಯದ ರೈತನಿಲ್ಲ. ಇವು ಗುಂಪಾಗಿ ಬಾಳಿ ಜೇನು ಕೂಡಿಡುವುದರಿಂದ ಇವಕ್ಕೆ ಮರ್ಯಾದೆಯುಂಟು. ಅದೇ ಹಿತ್ತಲಿನಲ್ಲಿ ರಾಣಿಯೂ ಆಳುಗಳೂ ಇಲ್ಲದೆ ಒಂಟಿಯಾಗಿ ಬಾಳುವ ಜೇನ್ನೊಣಗಳೂ ಉಂಟು. ಮರ ಕೊರೆಯುವ ದೊಡ್ಡ ಕರಿದುಂಬಿ, ಹೊಟ್ಟೆಯ ಮೇಲೆ ನೀಲಿಪಟ್ಟೆಗಳುಳ್ಳ ನೊಣ, ಎಲೆ ಕತ್ತರಿಸುವ ನೊಣ, ಇವು ಮುಖ್ಯವಾದವು. ಇವುಗಳಿಂದ ತೊಟ್ಟು ಜೇನೂ ದೊರೆಯದಾದುದರಿಂದ ಇವುಗಳ ಉಪಕಾರವು ಲೆಕ್ಕಕ್ಕೆ ಬರುವುದಿಲ್ಲ.

ಆ ಉಪಕಾರವನ್ನು ತಿಳಿಯಲು ಬದನೆಯ ಹೂವನ್ನು ನೋಡತಕ್ಕದ್ದು. ಅದರ ಪರಾಗವು ಹಳದಿ ಕೊಳವೆಗಳೊಳಗೆ ಅಡಗಿದ್ದು, ತುದಿಯ ಸಣ್ಣ ರಂಧ್ರದಿಂದ ಮಾತ್ರ ಹೊರಬೀಳುವುದು. ಕರಿದುಂಬಿಯಾಗಲಿ ನೀಲಿಪಟ್ಟೆಯ ನೊಣವಾಗಲಿ ಹೂವನ್ನು ಅಪ್ಪಿಹಿಡಿದು ಗುಂಯ್ಯೆಂದು ಮೈ ಅದುರಿಸಿದರೆ, ಜರಡಿಯಿಂದ ಹಿಟ್ಟು ಉದುರುವಂತೆ ಪರಾಗವು ಉದುರುವುದು. ತುಡುವೆಗೆ ಈ ವಿದ್ಯೆಯಿಲ್ಲ. ಗಾಳಿಯ ಅಲುಗಾಟದಿಂದಲೂ ಕಾಯಿ ಕಚ್ಚುವುದು ನಿಜ. ಆದರೆ ಈ ನೊಣಗಳು ಬಂದುಹೋಗುವ ಗಿಡದಲ್ಲಿ ಕಾಯಿ ಹೆಚ್ಚು. ಇದೇ ಜಿಲ್ಲೆಯಲ್ಲಿ ಕಾಪುವಿನ ಕಡೆ ಬೆಳೆದು, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮಟ್ಟುಗುಳ್ಳವೂ ಬದನೆಯೇ ಆದುದರಿಂದ ಅದರ ಹೂವಿಗೂ ಇದೇ ನಿಯಮ.

ಒಂಟಿ ನೊಣದ ಹೆಣ್ಣು ತಾನೇ ಬಿಲ ಮಾಡಿ, ಪರಾಗವನ್ನು ಮಕರಂದದಲ್ಲಿ ಕಲಸಿಟ್ಟು, ಅದರ ಮೇಲೆ ಮೊಟ್ಟೆಯಿಟ್ಟು ಬಾಯಿ ಮುಚ್ಚುವುದು. ನೀಲಿಪಟ್ಟೆಯದು ಮಣ್ಣಿನ ಗೋಡೆಯನ್ನೂ ದರೆಯನ್ನೂ ಆರಿಸುವುದು. ಎಲೆ ಕತ್ತರಿಸುವ ನೊಣವು ಗುಲಾಬಿ ಎಲೆಯ ಅಂಚನ್ನು ದುಂಡಗೆ ಕತ್ತರಿಸಿ ಒಯ್ದು ಟೊಳ್ಳು ಕಡ್ಡಿಗಳಲ್ಲಿ ಹಾಸುವುದು. ಇದನ್ನು ಹುಳದ ಬಾಧೆಯೆಂದು ತಿಳಿದು ವಿಷ ಸಿಂಪಡಿಸುವವರುಂಟು. ಗಿಡಕ್ಕೆ ಹೇಳಿಕೊಳ್ಳುವಂಥ ನಷ್ಟವೇನೂ ಇಲ್ಲ, ತೊಗರಿಯ ಹೂವಿಗಂತೂ ಈ ನೊಣದಿಂದ ಲಾಭವೇ. ಬಾಯಿ ಮುಚ್ಚಿದ ಬಿಲವನ್ನು ಬರಿದೆಂದು ಭಾವಿಸಿ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ಮರಿಗಳು ಅಲ್ಲಿಯೇ ಸಾಯುವುವು. ಮುಂದೆ ಹೂವಿಗೆ ಬರಬೇಕಾದವು ಅವೇ.

ಆದಕಾರಣ ಹಿತ್ತಲಿನ ದರೆಯಲ್ಲಿ ಒಂದೆರಡು ಮಾರು ಬರಿಮಣ್ಣನ್ನು ಕೆದಕದೆ ಬಿಡುವುದು. ಒಂದು ಕಡೆ ಗಂಟು ಉಳಿಸಿಕೊಂಡ ಗೇಣುದ್ದದ ಬಿದಿರ ತುಂಡುಗಳನ್ನು, ರಂಧ್ರವು ಕಿರುಬೆರಳಿಗಿಂತ ದಪ್ಪವಿಲ್ಲದಂತೆ ಆರಿಸಿ, ಕಟ್ಟಾಗಿ ಕಟ್ಟಿ, ಮಳೆಯ ಎರಚಲು ತಾಕದ ಮಾಡಿನ ಕೆಳಗೆ ಬೆಳಗಿನ ಬಿಸಿಲಿಗೆ ಮುಖವಾಗಿ ಅಡ್ಡಲಾಗಿ ತೂಗಹಾಕುವುದು. ಅವು ಅಲುಗಾಡಬಾರದು.

ಕರಿದುಂಬಿಯು ಮನೆಯ ಪಕ್ಕಾಸನ್ನು ಕೊರೆಯುವುದೆಂಬ ದೂರು ಸುಳ್ಳಲ್ಲ. ಅದಕ್ಕೆ ಸೀಮೆಎಣ್ಣೆ ಸುರಿಯುವುದು ಮದ್ದಲ್ಲ. ಮರಕ್ಕೆ ಬಣ್ಣ ಬಳಿದು, ಬೇಲಿಯಲ್ಲಿ ಒಣಮರದ ದಿಮ್ಮಿಯೊಂದನ್ನು ಬಿಟ್ಟುಕೊಡಬೇಕು. ಮೈಮೇಲೆ ಬರುವಂತೆ ಸುತ್ತು ಹಾರುವ ಗಂಡಿಗೆ ಕೊಂಡಿಯೇ ಇಲ್ಲ.

ಬದನೆಯ ಕಾಯಿಕೊರಕಕ್ಕೆ ಮೊದಲು ಬಾಡಿದ ಕುಡಿಗಳನ್ನು ಚಿವುಟಿ ನಾಶಮಾಡತಕ್ಕದ್ದು. ವಿಷ ಅನಿವಾರ್ಯವಾದರೆ ಸಂಜೆ ನೊಣಗಳ ಸಂಚಾರ ನಿಂತ ಮೇಲೆ, ಹೂವಿಗೆ ಬೀಳದಂತೆ ಹೊಡೆಯುವುದು. ನೊಣಗಳಿಗೆ ಬೇಲಿಯ ಗಡಿ ತಿಳಿಯದಾದುದರಿಂದ ಒಬ್ಬನ ಹಿತ್ತಲಿನ ವಿಷವು ನೆರೆಯವನ ಬೆಳೆಗೂ ನಷ್ಟ; ಗ್ರಾಮದ ಹಿರಿಯರು ನೆರೆಕರೆಯವರನ್ನು ಕೂಡಿಸಿ ಸಿಂಪರಣೆಯ ಹೊತ್ತನ್ನು ಗೊತ್ತುಮಾಡುವುದು ಒಳ್ಳೆಯದು.