ಮದ್ದು ಮತ್ತು ಮಾತ್ರೆ

ಕನ್ನಡದಲ್ಲಿ 'ಮದ್ದು' ಎಂಬುದು ವಿಚಿತ್ರವಾದ ಮಾತು. ರೋಗವನ್ನು ಗುಣಪಡಿಸುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. 'ಮದ್ದು ಕೊಟ್ಟರು' ಎಂದರೆ ಉಪಕಾರ. 'ಮದ್ದಿಕ್ಕಿದರು' ಎಂದರೆ ವಿಷಪ್ರಯೋಗ. ಪ್ರಾಚೀನ ಗ್ರೀಕ್ ಭಾಷೆಯಲ್ಲಿಯೂ 'ಫಾರ್ಮಕಾನ್' ಎಂಬ ಒಂದೇ ಪದವು ಔಷಧಕ್ಕೂ ವಿಷಕ್ಕೂ ಸಲ್ಲುತ್ತಿತ್ತು. ಔಷಧಶಾಸ್ತ್ರಕ್ಕೆ 'ಫಾರ್ಮಕಾಲಜಿ' ಎಂಬ ಹೆಸರು ಬಂದುದು ಆ ಪದದಿಂದಲೇ.

ಹಾಗಾದರೆ ಔಷಧವನ್ನೂ ವಿಷವನ್ನೂ ಬೇರ್ಪಡಿಸುವುದು ಯಾವುದು? ಇದಕ್ಕೆ ಉತ್ತರವೂ ನಿತ್ಯದ ಒಂದು ಮಾತಿನಲ್ಲಿ ಅಡಗಿದೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ವಿದ್ಯಾರ್ಥಿಗಳು ಎಣಿಸುತ್ತಾರೆ. ಔಷಧದಂಗಡಿಯಲ್ಲಿ ಕೊಳ್ಳುವುದೂ ಮಾತ್ರೆಯೇ. ಮಾತ್ರೆ ಎಂದರೆ ಅಳತೆ. ರೋಗಿಗೆ ಒಂದು ಸಲಕ್ಕೆ ಕೊಡತಕ್ಕ ಔಷಧದ ಅಳತೆಯನ್ನು ಶಾಸ್ತ್ರದಲ್ಲಿ 'ಪ್ರಮಾಣ' ಎನ್ನುತ್ತಾರೆ. ಎಲ್ಲ ವಸ್ತುಗಳಲ್ಲಿಯೂ ವಿಷವಿದೆ, ಅದನ್ನು ವಿಷವಲ್ಲದಂತೆ ಮಾಡುವುದು ಪ್ರಮಾಣವೊಂದೇ ಎಂದು 16ನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯನು ಸಾರಿದನು. 'ಅತಿಯಾದರೆ ಅಮೃತವೂ ವಿಷ' ಎಂಬ ಗಾದೆಯ ಅಭಿಪ್ರಾಯವೂ ಇದೇ.

ಈ ತತ್ತ್ವವನ್ನು ಒಂದು ಗಿಡದ ಕಥೆ ಚೆನ್ನಾಗಿ ವಿಶದಪಡಿಸುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯನಿದ್ದನು. ಮೈಯಲ್ಲಿ ನೀರು ತುಂಬಿ ಊದಿಕೊಳ್ಳುವ ಕಾಯಿಲೆಗೆ ಕೊಡುತ್ತಿದ್ದ ಒಂದು ಮನೆಮದ್ದಿನ ವಿಚಾರವಾಗಿ 1775ರಲ್ಲಿ ಕೆಲವರು ಅವನ ಅಭಿಪ್ರಾಯ ಕೇಳಿದರು. ಶ್ರಾಪ್‌ಷೈರ್ ಪ್ರಾಂತದ ಮುದುಕಿಯೊಬ್ಬಳು ಅದನ್ನು ಬಹುಕಾಲ ಗುಟ್ಟಾಗಿ ಇಟ್ಟುಕೊಂಡಿದ್ದಳು. ವೈದ್ಯರು ಕೈಬಿಟ್ಟ ರೋಗಿಗಳೂ ಕೆಲವೊಮ್ಮೆ ಅವಳ ಮದ್ದಿನಿಂದ ಚೇತರಿಸಿಕೊಳ್ಳುತ್ತಿದ್ದರು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳಿದ್ದುವು. ಸಸ್ಯಶಾಸ್ತ್ರದಲ್ಲಿಯೂ ಪರಿಣತನಾಗಿದ್ದ ವಿದರಿಂಗನು, ಗುಣ ಕೊಡುತ್ತಿದ್ದುದು ಅವುಗಳಲ್ಲಿ ಒಂದೇ ಎಂದು ಗುರುತಿಸಿದನು. ಅದು ಗಂಟೆಯಾಕಾರದ ನೇರಳೆ ಹೂ ಬಿಡುವ ಫಾಕ್ಸ್‌ಗ್ಲವ್, ಶಾಸ್ತ್ರೀಯವಾಗಿ 'ಡಿಜಿಟಾಲಿಸ್'.

ಗಿಡ ಸಿಕ್ಕಿತು, ಅಳತೆ ಸಿಕ್ಕಿರಲಿಲ್ಲ. ವಿದರಿಂಗನು ಮೊದಮೊದಲು ಕೊಟ್ಟ ಪ್ರಮಾಣ ಹೆಚ್ಚಾಗಿತ್ತು. ಪ್ರಮಾಣ ಮೀರಿದಾಗ ರೋಗಿಗಳಿಗೆ ವಾಂತಿಯಾಗುತ್ತಿತ್ತು, ಕಣ್ಣಿಗೆ ವಸ್ತುಗಳು ಹಳದಿಯಾಗಿಯೋ ಹಸಿರಾಗಿಯೋ ಕಾಣುತ್ತಿದ್ದುವು, ನಾಡಿ ಅತಿಯಾಗಿ ನಿಧಾನವಾಗುತ್ತಿತ್ತು. ಅವನು ಇದೆಲ್ಲವನ್ನೂ ಬರೆದಿಟ್ಟನು. ಬೇರಿಗಿಂತ ಎಲೆಯೇ ನಂಬತಕ್ಕದ್ದೆಂದು ನಿರ್ಧರಿಸಿ, ಹೂ ಬಿಡುವ ಕಾಲದಲ್ಲಿ ಎಲೆಗಳನ್ನು ಕೊಯ್ದು, ಒಣಗಿಸಿ, ಪುಡಿಮಾಡಿ, ಒಂದರಿಂದ ಮೂರು ಗ್ರೇನಿನಷ್ಟನ್ನು ದಿನಕ್ಕೆ ಎರಡು ಸಲ ಕೊಡುವ ಕ್ರಮಕ್ಕೆ ಬಂದನು. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಹತ್ತು ವರ್ಷಗಳ ಅನುಭವವನ್ನು ಅವನು 1785ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಗುಣವಾದವರ ವೃತ್ತಾಂತದೊಡನೆ ಗುಣವಾಗದವರ ವೃತ್ತಾಂತವನ್ನೂ ಅವನು ಮರೆಮಾಚದೆ ಬರೆದನು. ಮುದುಕಿಯ ಗುಟ್ಟು ಶಾಸ್ತ್ರವಾದುದು ಹೀಗೆ.

ಆದರೂ ಒಂದು ತೊಡಕು ಉಳಿದಿತ್ತು. ಎರಡು ಎಲೆಗಳ ತೂಕ ಒಂದೇ ಆದರೂ ಅವುಗಳ ಸತ್ತ್ವ ಒಂದೇ ಆಗಿರಬೇಕಾಗಿಲ್ಲ. ಮೂಲಿಕೆಯಲ್ಲಿ ನಿಜವಾಗಿ ಕೆಲಸ ಮಾಡುವ ಅಂಶಕ್ಕೆ 'ಸಕ್ರಿಯ ಘಟಕ' ಎಂದು ಹೆಸರು. 1930ರಲ್ಲಿ ಸಿಡ್ನಿ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞನು ಡಿಜಿಟಾಲಿಸ್ ಕುಲದ ಇನ್ನೊಂದು ಗಿಡದಿಂದ 'ಡಿಜಾಕ್ಸಿನ್' ಎಂಬ ಘಟಕವನ್ನು ಬೇರ್ಪಡಿಸಿದನು. ಅಂದಿನಿಂದ ಗ್ರೇನಿನ ಲೆಕ್ಕ ಹೋಗಿ ಮೈಕ್ರೋಗ್ರಾಮಿನ ಲೆಕ್ಕ ಬಂದಿತು. ಸಾಮಾನ್ಯವಾದ ಒಂದು ಡಿಜಾಕ್ಸಿನ್ ಮಾತ್ರೆಯಲ್ಲಿ 0.25 ಮಿಲಿಗ್ರಾಂ, ಎಂದರೆ 250 ಮೈಕ್ರೋಗ್ರಾಂ ಔಷಧವಿರುತ್ತದೆ. ಅದು ದುರ್ಬಲವಾದ ಹೃದಯದ ಮಿಡಿತಕ್ಕೆ ಬಲ ಕೊಡುತ್ತದೆ, ವೇಗವಾಗಿ ಬಡಿಯುವ ಹೃದಯವನ್ನು ನಿಧಾನಗೊಳಿಸುತ್ತದೆ.

ಇಂತಹ ಔಷಧವನ್ನು ಕೈಗೆತ್ತಿಕೊಳ್ಳುವವರು ಕೆಲವು ಪರಿಭಾಷೆಗಳನ್ನು ಅರಿತಿರಬೇಕು. ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗಲೂ ಉದ್ದೇಶಿಸಿದ ಗುಣದ ಜೊತೆಗೆ ತಲೆದೋರುವ ಬೇರೆ ಪರಿಣಾಮ 'ಅಡ್ಡಪರಿಣಾಮ'. ನೆಗಡಿಯ ಕೆಲವು ಮಾತ್ರೆಗಳಿಂದ ತೂಕಡಿಕೆ ಬರುವುದು ಇದಕ್ಕೆ ಉದಾಹರಣೆ. ಪ್ರಮಾಣ ಮೀರಿದಾಗ ಆಗುವ ಹಾನಿ 'ವಿಷಪರಿಣಾಮ'. ಗುಣ ಕೊಡುವ ಪ್ರಮಾಣಕ್ಕೂ ಹಾನಿ ಮಾಡುವ ಪ್ರಮಾಣಕ್ಕೂ ನಡುವೆ ಇರುವ ಎಡೆಯೇ 'ಸುರಕ್ಷತೆಯ ಅಂತರ'. ಕೆಲವು ಔಷಧಗಳಲ್ಲಿ ಅದು ಹೆದ್ದಾರಿಯಷ್ಟು ಅಗಲ. ಡಿಜಾಕ್ಸಿನ್ನಿನಲ್ಲಿ ಗದ್ದೆಯ ಬದುವಿನಷ್ಟು ಕಿರಿದು.

ದೇಹದಲ್ಲಿರುವ ಔಷಧವು ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲವನ್ನು 'ಅರ್ಧಾಯುಷ್ಯ' ಎನ್ನುತ್ತಾರೆ. ಮೂತ್ರಪಿಂಡಗಳು ಆರೋಗ್ಯವಾಗಿದ್ದರೆ ಡಿಜಾಕ್ಸಿನ್ನಿನ ಅರ್ಧಾಯುಷ್ಯ ಸುಮಾರು ಒಂದೂವರೆಯಿಂದ ಎರಡು ದಿನ. ಅವು ಕೆಲಸ ನಿಲ್ಲಿಸಿದ್ದರೆ ನಾಲ್ಕೈದು ದಿನಗಳವರೆಗೂ ಹೋಗಬಹುದು. ಆಗ ನಿನ್ನೆಯ ಮಾತ್ರೆ ಕರಗಿಹೋಗುವ ಮೊದಲೇ ಇಂದಿನದು ಸೇರುತ್ತದೆ, ಇಂದಿನದರ ಮೇಲೆ ನಾಳೆಯದು. ಈ ಕೂಡಿಕೆಯೇ 'ಸಂಚಯ'. ಮಾತ್ರೆ ಅದೇ, ವೇಳೆ ಅದೇ. ಆದರೂ ಔಷಧವಾಗಿದ್ದುದು ಸದ್ದಿಲ್ಲದೆ ವಿಷವಾಗುತ್ತದೆ. ವೃದ್ಧರಿಗೆ ಈ ಔಷಧವನ್ನು ಕೊಡುವಾಗ ವೈದ್ಯರು ವಿಶೇಷ ಎಚ್ಚರ ವಹಿಸುವುದು ಇದೇ ಕಾರಣದಿಂದ.

ಹಾನಿಯಾದಾಗ ಅದನ್ನು ತಡೆಯುವುದು 'ಪ್ರತಿವಿಷ'. ಡಿಜಾಕ್ಸಿನ್ನನ್ನು ರಕ್ತದಲ್ಲಿಯೇ ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳನ್ನು ಕುರಿಯ ರಕ್ತದಿಂದ ಪಡೆಯಲಾಯಿತು. ಅವುಗಳಿಂದ ಮನುಷ್ಯನಿಗೆ ಚಿಕಿತ್ಸೆ ನಡೆದ ಮೊದಲ ವರದಿ 1976ರಲ್ಲಿ ಪ್ರಕಟವಾಯಿತು. ಕರ್ನಾಟಕದ ಮನೆಯಂಗಳಗಳಲ್ಲಿ ಪೂಜೆಗೆಂದು ಬೆಳೆಸುವ ಕಣಗಿಲೆಯಲ್ಲಿಯೂ ಡಿಜಾಕ್ಸಿನ್ನನ್ನು ಹೋಲುವ, ಹೃದಯವನ್ನು ತಾಕುವ ವಿಷಾಂಶಗಳಿವೆ. ದೇವರ ಮುಡಿಗೆ ಏರುವ ಹೂವಿನ ಗಿಡವೇ ಹೊಟ್ಟೆಗೆ ಇಳಿದರೆ ಪ್ರಾಣಕ್ಕೆ ಎರವಾಗುತ್ತದೆ.

ರಾತ್ರಿ ಪಾಳಿಯ ದಾದಿಯ ಮುಂದೆ ವೈದ್ಯರ ಚೀಟಿಯಿದೆ. ಅದರಲ್ಲಿ 0.25 ಎಂದಿರುವುದನ್ನು 2.5 ಎಂದು ಓದಿಕೊಂಡರೆ ಪ್ರಮಾಣ ಹತ್ತು ಪಟ್ಟಾಗುತ್ತದೆ. ಆದುದರಿಂದಲೇ ದಶಮಾಂಶ ಬಿಂದುವಿನ ಹಿಂದೆ ಸೊನ್ನೆಯನ್ನು ತಪ್ಪದೆ ಬರೆಯಬೇಕು, ಪೂರ್ಣಾಂಕದ ಮುಂದೆ ಬಿಂದುವನ್ನೂ ಸೊನ್ನೆಯನ್ನೂ ಬರೆಯಬಾರದು ಎಂಬ ನಿಯಮವಿದೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ ಎಂಬ ಐದನ್ನೂ ಅವಳು ಪ್ರತಿ ಸಲವೂ ನೋಡಿಕೊಳ್ಳಬೇಕು. ವಯಸ್ಕ ರೋಗಿಗೆ ಡಿಜಾಕ್ಸಿನ್ ಕೊಡುವ ಮುನ್ನ ಅವನ ಎದೆಬಡಿತವನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತಾಳೆ. ಅದು 60ಕ್ಕಿಂತ ಕಡಿಮೆಯಿದ್ದರೆ ಮಾತ್ರೆಯನ್ನು ತಡೆದು ವೈದ್ಯರಿಗೆ ತಿಳಿಸುತ್ತಾಳೆ.

ಪ್ರಮಾಣ, ಅಂತರ, ಅರ್ಧಾಯುಷ್ಯ, ಸಂಚಯ ಇವು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಮಾತುಗಳಲ್ಲ. ಒಂದೊಂದು ಮಾತಿನ ಹಿಂದೆಯೂ ಹಾಸಿಗೆಯ ಮೇಲೆ ಮಲಗಿರುವ ಒಂದು ಜೀವವಿದೆ. ಹೆಸರನ್ನು ಅರಿಯದವನು ಅಪಾಯವನ್ನು ಗುರುತಿಸಲಾರನು. ವಿದರಿಂಗನಿಗೆ ಹತ್ತು ವರ್ಷ ಹಿಡಿದ ಪಾಠವೇ ದಾದಿ ಎಣಿಸುವ ಆ ಒಂದು ನಿಮಿಷದಲ್ಲಿ ಅಡಗಿದೆ.

ಅಭ್ಯಾಸ

1. 'ಮದ್ದು' ಎಂಬ ಪದದ ಬೇರೆ ಬೇರೆ ಅರ್ಥಗಳಾವುವು?
2. ವಿದರಿಂಗನು ಸರಿಯಾದ ಪ್ರಮಾಣವನ್ನು ಹೇಗೆ ಕಂಡುಕೊಂಡನು?
3. ಅಡ್ಡಪರಿಣಾಮಕ್ಕೂ ವಿಷಪರಿಣಾಮಕ್ಕೂ ಇರುವ ವ್ಯತ್ಯಾಸವೇನು?
4. 'ಗದ್ದೆಯ ಬದುವಿನಷ್ಟು ಕಿರಿದು.' ಈ ಮಾತಿನ ಸ್ವಾರಸ್ಯವನ್ನು ವಿವರಿಸಿರಿ.